ಪೈಲ್ವಾನನ ಪಾಲಿನ ಗುಡುಗು

ನಮ್ಮೂರಿನಲ್ಲಿ ಪಾತ್ರೆ ಕೊಳ್ಳಲು ಬಂದವರು ತಳ ಬಡಿದು ನೋಡುವುದಿಲ್ಲ, ಮುಚ್ಚಳಕ್ಕೆ ಕಿವಿ ಹಚ್ಚುತ್ತಾರೆ. ಒಳಗೆ ಗುಡುಗು ಇದೆಯೋ ಇಲ್ಲವೋ ಗೊತ್ತಾಗಬೇಕಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ ಸ್ಟೀಲು, ತಾಮ್ರ, ಹಿತ್ತಾಳೆಯ ಅಂಗಡಿ ಇಟ್ಟುಕೊಂಡಿರುವ ನನಗೆ ದಿನ ಬೆಳಗಾದರೆ ಇದೇ ಪ್ರಶ್ನೆ. "ತಿಪ್ಪೇಶಪ್ಪ, ಈ ಡಬರಿ ಖಾಲಿ ಐತೇನಪ್ಪ? ಹೋದ್ಸಲ ಕೊಟ್ಟ ಕೊಳಗದಾಗೆ ಒಂದು ಉಳಕಂಡಿತ್ತು, ನಮ್ಮ ಮಾವ ಹಾಲು ಕುಡಿಯೋದು ಬಿಟ್ಟು ಮೈಮೇಲೆ ಸುರ್ಕೊಂಡ್ರು" ಎನ್ನುತ್ತಾರೆ. ನಾನು ಗಿರಾಕಿಯ ಎದುರಿಗೇ ಮುಚ್ಚಳ ಎತ್ತಿ, ಪಾತ್ರೆಯನ್ನು ಬೋರಲು ಹಾಕಿ, ಏನೂ ಇಲ್ಲವೆಂದು ತೋರಿಸಿದ ಮೇಲೆಯೇ ವ್ಯಾಪಾರ.

ಬೇರೆ ಊರುಗಳಲ್ಲಿ ಗುಡುಗು ಆಕಾಶದಲ್ಲೇ ಹುಟ್ಟಿ ಆಕಾಶದಲ್ಲೇ ಮುಗಿಯುತ್ತದಂತೆ. ನಮ್ಮಲ್ಲಿ ಹಾಗಲ್ಲ. ಒಂದಷ್ಟು ಉಳಿದು ಕೆಳಗಿಳಿದು ಬರುತ್ತದೆ, ಬಾಯಿ ತೆರೆದ ಪಾತ್ರೆ ಕಂಡರೆ ಒಳಗೆ ಕೂತುಬಿಡುತ್ತದೆ. ನೋಡದೆ ಮುಚ್ಚಳ ಹಾಕಿದಿರೋ, ಆಯಿತು, ಅದಕ್ಕೆ ಅದೇ ಮನೆ. ಮತ್ತೆ ಯಾರಾದರೂ ಮುಚ್ಚಳ ತೆಗೆದಾಗ ಸಿಡಿದು ಹೊರಗೆ ಹೋಗುತ್ತದೆ. ಹೀಗಾಗಿ ಮದುವೆಗೆ ಬಂದ ಅಡಿಗೆ ಭಟ್ಟರು ಮೊದಲು ಪಾತ್ರೆಗಳನ್ನೆಲ್ಲ ಬಯಲಿಗೆ ಒಯ್ದು ಒಂದೊಂದೇ ಮುಚ್ಚಳ ತೆಗೆಯುತ್ತಾರೆ, ಬೀಗರು ಕಿವಿ ಮುಚ್ಚಿಕೊಂಡು ನಿಂತಿರುತ್ತಾರೆ. ಮನೆಗೆ ನೆಂಟರು ಬಂದರೆ ನೀರು ಕೊಡುವಾಗಲೇ ಹೇಳಿಬಿಡುತ್ತೇವೆ: "ಅಟ್ಟದ ಮೇಲಿನ ಹಂಡೆ ಒಂದು ಮುಟ್ಟಬ್ಯಾಡ್ರಿ, ಅದು ನಮ್ಮ ತಾತನ ಕಾಲದ್ದು." ಗಂಡ ಹೆಂಡತಿ ಜಗಳದಲ್ಲಿ ಮಾತು ಸೋತವರು ಎದ್ದು ಹೋಗಿ ಒಂದು ಡಬ್ಬಿ ತೆಗೆಯುವುದೂ ಉಂಟು. ಆಮೇಲೆ ಇಬ್ಬರಿಗೂ ಏನು ಜಗಳವೆಂಬುದೇ ಮರೆತುಹೋಗಿರುತ್ತದೆ.

ಊರಿನ ನಾಯಿಗಳೂ ನಮ್ಮ ಹಾಗೆಯೇ. ಕಣ್ಣು ಬಿಡುವ ಮೊದಲಿನಿಂದ ಕೇಳಿ ಕೇಳಿ, ಪಕ್ಕದ ಮನೆಯಲ್ಲಿ ಸಿಡಿಲಿನಂಥದ್ದೇ ಹೊರಬಂದರೂ ಒಂದು ಕಿವಿ ಎತ್ತಿ ಮತ್ತೆ ಮಲಗುತ್ತವೆ. ಹೆದರುತ್ತಿದ್ದದ್ದು ಒಂದೇ ಒಂದು ನಾಯಿ. ಅದು ನಮ್ಮ ಮನೆಯದು.

ಅದರ ಹೆಸರು ಪೈಲ್ವಾನ. ಕೊಳಗದಂಥ ತಲೆ, ಕದದಂಥ ಎದೆ, ನಡೆದು ಬಂದರೆ ಅಂಚೆಯವನು ಸೈಕಲ್ ಬಿಟ್ಟು ಜಗಲಿ ಹತ್ತುತ್ತಿದ್ದ. ಅದು ನಮ್ಮ ಮನೆಗೆ ಬಂದದ್ದು ನೀಲಾ ಅತ್ತಿಗೆಯ ಜೊತೆ. ನನ್ನ ಅಣ್ಣ ಓಂಕಾರ ಲಾರಿ ಓಡಿಸುತ್ತಾನೆ. ದೂರದ ಊರಿಂದ ಹೆಣ್ಣು ತಂದು, ಹೆಂಡತಿಯನ್ನೂ ಆಕೆಯ ನಾಯಿಯನ್ನೂ ಅದೇ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಬಂದಿದ್ದ. ಇಳಿಯುವಾಗ ಮೊದಲು ಕೆಳಗೆ ಹಾರಿದ್ದು ಪೈಲ್ವಾನ. ಆರತಿ ತಟ್ಟೆ ಹಿಡಿದು ನಿಂತಿದ್ದ ಅವ್ವ, "ಅಯ್ಯೋ ನನ್ನಪ್ಪ, ಯಾರಿಗೆ ಬೆಳಗ್ಲೋ?" ಎಂದು ಕೇಳಿದ್ದು ಓಣಿಗೆಲ್ಲ ಗೊತ್ತು.

ಅತ್ತಿಗೆಗೆ ಕಿವಿ ಕೇಳುವುದಿಲ್ಲ. ಸಣ್ಣವಳಿದ್ದಾಗ ಬಂದ ಜ್ವರ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಯಿತು. ಮಾತೆಲ್ಲ ಕೈಯಲ್ಲಿ, ಕಣ್ಣಲ್ಲಿ. ನಮಗೆಲ್ಲ ಒಂದೊಂದು ಗುರುತು ಮಾಡಿಕೊಂಡಿದ್ದಳು. ಮೂಗುಬೊಟ್ಟು ಮುಟ್ಟಿದರೆ ಅವ್ವ, ಸ್ಟೇರಿಂಗ್ ತಿರುಗಿಸಿದರೆ ಅಣ್ಣ, ಬೆರಳಿನಿಂದ ಟಕಟಕ ಪಾತ್ರೆ ಬಡಿದರೆ ನಾನು, ತೋಳು ಮಡಚಿ ರಟ್ಟೆ ಉಬ್ಬಿಸಿದರೆ ಪೈಲ್ವಾನ. ಎದುರಿಗಿನವರ ತುಟಿ ನೋಡಿಯೇ ಅರ್ಧ ಮಾತು ಹಿಡಿಯುತ್ತಿದ್ದಳು. ಉಳಿದರ್ಧಕ್ಕೆ ಪೈಲ್ವಾನನಿದ್ದ. ಬಾಗಿಲು ಬಡಿದರೆ ಹೋಗಿ ಮೂಗಿನಿಂದ ಆಕೆಯ ಮಂಡಿಗೆ ತಿವಿಯುತ್ತಿದ್ದ. ಕುಕ್ಕರ್ ಕೂಗಿದರೆ ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದ. ಮಗು ಮುಕ್ತ ಹುಟ್ಟಿದ ಮೇಲೆ ಇನ್ನೊಂದು ಕೆಲಸ ತಾನಾಗಿಯೇ ಕಲಿತ. ಮಗು ಅತ್ತರೆ ಅತ್ತಿಗೆ ಎಲ್ಲಿದ್ದರೂ ಹುಡುಕಿ, ಸೀರೆಯ ಸೆರಗು ಕಚ್ಚಿ ತೊಟ್ಟಿಲವರೆಗೆ ಎಳೆದು ತರುತ್ತಿದ್ದ. ಅವ್ವನೇ ಬಾಯಿಬಿಟ್ಟು ಹೇಳಿದ್ದಳು, "ಕೂಲಿಗೆ ಹೆಣ್ಣಾಳು ಇಟ್ಟಿದ್ರೂ ಇಷ್ಟು ನಿಯತ್ತು ಇರ್ತಿರ್ಲಿಲ್ಲ."

ಆದರೆ ಒಂದು ಮುಚ್ಚಳ ತೆಗೆದರೆ ಸಾಕು, ನಿಯತ್ತು ಗಿಯತ್ತು ಎಲ್ಲ ಮಂಚದ ಕೆಳಗೆ. ಅವನು ಹುಟ್ಟಿ ಬೆಳೆದ ಊರಿನಲ್ಲಿ ಗುಡುಗುವ ಮೊದಲು ಮೋಡ ಕವಿಯುತ್ತಿತ್ತು, ಗಾಳಿ ಬೀಸುತ್ತಿತ್ತು. ಇಲ್ಲಿ ಉಪ್ಪಿನಕಾಯಿ ಭರಣಿ ತೆಗೆದರೂ ಗುಡುಗು. ಪಾಪ, ಅವನು ಯಾವುದನ್ನು ನೋಡಿ ಎಚ್ಚರಾಗಬೇಕು? ಅವ್ವ ಅಡಿಗೆಮನೆಗೆ ಹೋದರೇ ನಡುಗಲು ಶುರು ಮಾಡುತ್ತಿದ್ದ. "ನನ್ನ ಮೋರೆ ಅಷ್ಟು ಕೆಟ್ಟದಾಗೈತೇನ್ಲೇ?" ಎಂದು ಅವ್ವ ಕೇಳಿದರೆ ಅತ್ತಿಗೆ ತುಟಿ ಓದಿ, ಹೌದೆಂದು ತಲೆಯಾಡಿಸಿ, ನಗುತ್ತ ಓಡಿಹೋಗುತ್ತಿದ್ದಳು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಆದದ್ದು ಮಾತ್ರ ನಗುವಂಥದ್ದಲ್ಲ. ಅವ್ವ ರಾಗಿ ಬೀಸಿಸಿಕೊಂಡು ಬರಬೇಕೆಂದು ದೊಡ್ಡ ಡ್ರಮ್ಮಿನ ಮುಚ್ಚಳ ತೆಗೆದಿದ್ದಾಳೆ. ಹಿಂದಿನ ವರ್ಷದ ಹಸ್ತ ಮಳೆಯದೋ ಏನೋ, ಗೋಡೆಯ ಸುಣ್ಣ ಉದುರುವಂಥ ಗುಡುಗು ಹೊರಗೆ ಬಂದಿದೆ. ಅವ್ವ "ಥೂ ಹಾಳಾದ್ದು" ಎಂದಿದ್ದಾಳೆ, ಚೀಲ ತುಂಬಿಕೊಂಡು ಮಿಲ್ಲಿಗೆ ಹೋಗಿದ್ದಾಳೆ. ಅತ್ತಿಗೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸದ್ದಿಗೆ ಬೆಚ್ಚಿದ್ದ ಮಗು ಅವ್ವ ಹೊರಟ ಮೇಲೆ ಎದ್ದು ಅತ್ತಿದೆ, ಹೊರಳಾಡಿದೆ, ತೊಟ್ಟಿಲ ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡಿದೆ. ಪೈಲ್ವಾನ ಮಂಚದ ಕೆಳಗೆ ಗೋಡೆಗೆ ಮುಖ ಹಚ್ಚಿ ಬಿದ್ದಿದ್ದ. ಅವ್ವ ಮಿಲ್ಲಿನಿಂದ ತಿರುಗಿ ಬಂದಾಗ ಮಗುವಿನ ಮುಖ ನೇರಳೆ ಹಣ್ಣಿನ ಬಣ್ಣ.

ಬಟ್ಟೆ ಬಿಡಿಸಿ ಬೆನ್ನು ತಟ್ಟಿದ ಮೇಲೆ ಮಗು ಜೋರಾಗಿ ಅತ್ತಿತು. ಅದು ಅತ್ತದ್ದು ಕೇಳಿ ಅವ್ವ ನೆಲದ ಮೇಲೆ ಕುಸಿದು ಕೂತಳು. ಹಿಟ್ಟಿನ ಚೀಲ ಬಾಗಿಲಲ್ಲೇ ಚೆಲ್ಲಿತ್ತು. ಅಂಗಡಿಯಿಂದ ಓಡಿ ಬಂದ ನಾನು ಅದನ್ನು ತುಳಿದುಕೊಂಡೇ ಒಳಗೆ ಹೋದೆ.

ಸಂಜೆ ಅವ್ವ ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಯಾವುದೋ ಟೋಲ್ ಗೇಟಿನಲ್ಲಿ ನಿಂತಿದ್ದ. ಇಬ್ಬರೂ ಮಾತಾಡಿ ತೀರ್ಮಾನ ಮಾಡಿದರು. ಊರ ಹೊರಗಿನ ಕಲ್ಲು ಕ್ವಾರಿಯ ಕಾವಲುಗಾರ ಪರಸಪ್ಪನಿಗೆ ದೊಡ್ಡ ನಾಯಿ ಬೇಕಾಗಿತ್ತು, ಅವನಿಗೆ ಕೊಟ್ಟುಬಿಡುವುದು.

"ಅವ್ವ, ಕ್ವಾರಿಯಾಗೆ ದಿನಾ ಬಂಡೆ ಸಿಡಿಸ್ತಾರೆ" ಎಂದೆ. "ಇದು ಎದೆ ಒಡ್ಕಂಡು ಸಾಯ್ತೈತೆ."

"ನನ್ನ ಮೊಮ್ಮಗಳು ಸಾಯ್ತಿದ್ಲಲ್ಲೋ" ಎಂದಳು ಅವ್ವ.

ಅತ್ತಿಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲರ ತುಟಿಯನ್ನೂ ನೋಡುತ್ತಿದ್ದಳು. ಅಳಲಿಲ್ಲ. ನನ್ನತ್ತ ತಿರುಗಿ ಡ್ರಮ್ಮು ತೋರಿಸಿದಳು, ಮುಚ್ಚಳ ಎತ್ತುವಂತೆ ಕೈ ಮಾಡಿದಳು, ಮೂಗುಬೊಟ್ಟು ಮುಟ್ಟಿದಳು, ಹುಬ್ಬು ಏರಿಸಿದಳು. 'ಮುಚ್ಚಳ ತೆಗೆದವರು ಅವ್ವ ತಾನೇ?'

"ಏನಂತೆ?" ಎಂದಳು ಅವ್ವ.

"ತಪ್ಪಾಯ್ತು ಅಂತಿದಾಳೆ."

"ತಪ್ಪಾಯ್ತು ಅನ್ನೋಕೆ ಡ್ರಮ್ ಯಾಕಲೇ ತೋರಿಸ್ತಾಳೆ? ನನ್ನ ಕೂದ್ಲು ಬೆಳ್ಳಗಾಗಿರೋದು ಹಿಟ್ಟು ಬಿದ್ದಲ್ಲ." ಅಂದ ಅವ್ವ ಎದ್ದು ಹೋಗಿ ಡ್ರಮ್ಮಿನ ಮುಚ್ಚಳ ಒತ್ತಿ ಮುಚ್ಚಿದಳು. ಆಮೇಲೆ ಸೊಸೆಗೆ ಕಾಣುವಂತೆ ತಿರುಗಿ, ತುಟಿ ದೊಡ್ಡದು ಮಾಡಿ ಹೇಳಿದಳು, "ಆತು. ಮುಂಗಾರಿನ ಮೊದಲ ಗುಡುಗಿನ ತನಕ ಇರ್ಲಿ. ಅವತ್ತೂ ಹಿಂಗೇ ಮಂಚದ ಕೆಳಗೆ ಸೇರ್ಕಂಡ್ರೆ ಕ್ವಾರಿಗೆ. ಆಮೇಲೆ ಯಾರೂ ಕಣ್ಣೀರು ಹಾಕಂಗಿಲ್ಲ."

ಮಾರನೆಯ ದಿನವೇ ಅತ್ತಿಗೆ ನನ್ನನ್ನು ದನದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರ್ ಜಬೀನಾ ಮೇಡಂ ಒಂದು ಎಮ್ಮೆಯ ಹೊಟ್ಟೆಗೆ ಕಿವಿಗೊಟ್ಟು ನಿಂತಿದ್ದರು. ನಾನು ಎಲ್ಲ ಹೇಳಿದೆ. ಎಮ್ಮೆಯನ್ನು ಬಿಡದೆಯೇ ಕೇಳಿಸಿಕೊಂಡರು.

"ಒಂದು ಮಾತ್ರೆ ಕೊಡಬಹುದು. ತೀರಾ ಕಷ್ಟ ಆದ್ರೆ ನಾನೇ ಬರ್ಕೊಡ್ತೀನಿ, ನೀವಾಗಿ ಅಂಗಡೀಲಿ ತಗೊಂಡು ಹಾಕ್ಬೇಡಿ. ಆದ್ರೆ ಮಾತ್ರೆಯಿಂದ ಧೈರ್ಯ ಬರಲ್ಲ" ಎಂದರು. "ಹೆದರಿದಾಗ ಬೈಬೇಡಿ, ಮಂಚದ ಕೆಳಗಿಂದ ಎಳೀಬೇಡಿ. ಅಡಗೋ ಜಾಗ ಅವನದು, ಅದು ಅವನಿಗೆ ಇರ್ಲಿ. ಮೈಗೆ ಬಿಗಿಯಾಗಿ ಒಂದು ಬಟ್ಟೆ ತೊಡಿಸಿ ನೋಡಿ, ಕೆಲವು ನಾಯಿಗಳಿಗೆ ಯಾರೋ ತಬ್ಬಿಕೊಂಡ ಹಾಗೆ ಆಗುತ್ತೆ."

"ಹೆದರಿದಾಗ ಮುದ್ದು ಮಾಡಿದ್ರೆ ಹೆದರಿಕೆ ಜಾಸ್ತಿ ಆಗ್ತೈತೆ ಅಂತಾರಲ್ಲ ಮೇಡಂ?"

"ಯಾರಂದ್ರು? ನೀವು ಹೆದರಿದಾಗ ಯಾರಾದ್ರೂ ಕೈ ಹಿಡ್ಕೊಂಡ್ರೆ ನಿಮಗೆ ಜಾಸ್ತಿ ಆಗುತ್ತಾ?" ಎಮ್ಮೆ ಬಾಲ ಬೀಸಿತು, ಅವರು ತಲೆ ತಗ್ಗಿಸಿಕೊಂಡರು. "ಮುಖ್ಯವಾದದ್ದು ಇದು. ಅವನಿಗೆ ಕೇಳಿಸಿಯೂ ಕೇಳಿಸದಂಥ ಸಣ್ಣ ಸದ್ದಿನಿಂದ ಶುರು ಮಾಡಿ. ಸದ್ದು ಬಂದ ಕೂಡಲೇ ಬಾಯಿಗೆ ರುಚಿಯಾದದ್ದು ಏನಾದ್ರೂ. ಅವನು ಹೆದರೋದಕ್ಕೆ ಮುಂಚೆ ನಿಲ್ಲಿಸ್ಬೇಕು. ನಾಳೆ ಕೂದಲೆಳೆಯಷ್ಟು ಜಾಸ್ತಿ. ಬೇರೆ ಊರಲ್ಲಾಗಿದ್ರೆ ಮೊಬೈಲಲ್ಲಿ ಗುಡುಗಿನ ಸದ್ದು ಹಾಕಿ ಅಂತಿದ್ದೆ. ನಿಮಗೆ ಆ ಬಡತನ ಇಲ್ವಲ್ಲ."

ನನಗೆ ಸಣ್ಣ ಗುಡುಗು ಹುಡುಕುವ ಕೆಲಸ ಬಿತ್ತು. ದೊಡ್ಡವು ಎಲ್ಲರ ಮನೆಯಲ್ಲೂ ಇದ್ದವು, ಸಣ್ಣವನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಕುಂಕುಮದ ಭರಣಿ, ನಶ್ಯದ ಡಬ್ಬಿ, ಮಕ್ಕಳ ಆಟದ ಚೊಂಬು ಎಂದು ಓಣಿಯೆಲ್ಲ ಕೇಳಿಕೊಂಡು ಬಂದೆ. ಮೂಲೆಮನೆಯ ಸಾಕಮ್ಮಜ್ಜಿ ತನ್ನ ಎಲೆಯಡಿಕೆ ಡಬ್ಬಿಯನ್ನೇ ಕೊಟ್ಟಳು. "ಇದ್ರಾಗೆ ಒಂದು ಮುದಿ ಗುಡುಗು ಐತೆ ಕಣಪ್ಪ, ಕೆಮ್ಮಿದಂಗೆ ಬರ್ತೈತೆ. ನಾನೂ ಅದೂ ಇಷ್ಟು ದಿನ ಒಬ್ಬರಿಗೊಬ್ಬರು ಆಗಿದ್ವಿ. ನಿಮ್ಮ ನಾಯಿಗೆ ಆಗ್ತೈತೆ ಅಂದ್ರೆ ತಗಂಡು ಹೋಗು."

ಯಾವುದರಲ್ಲಿ ಎಷ್ಟಿದೆ ಎಂದು ತಿಳಿಯುವುದರಲ್ಲಿ ನನಗಿಂತ ಅತ್ತಿಗೆ ಮುಂದೆ. ನಾವೆಲ್ಲ ಕಿವಿ ಹಚ್ಚಿ ಕೇಳಿದರೆ ಆಕೆ ಅಂಗೈಯನ್ನು ಪಾತ್ರೆಯ ಹೊಟ್ಟೆಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಹೆಬ್ಬೆರಳು ಕಿರುಬೆರಳು ತೋರಿಸಿ ದೊಡ್ಡದು ಸಣ್ಣದು ಎಂದು ಬೇರೆ ಮಾಡಿ ಸಾಲಾಗಿ ಇಡುತ್ತಿದ್ದಳು. ದಿನಾ ಮಧ್ಯಾಹ್ನ ಪಾಠ. ನಾನು ಕೋಣೆಯ ಆ ತುದಿಯಲ್ಲಿ ಕೂತು ಮುಚ್ಚಳವನ್ನು ಉಗುರಿನಷ್ಟು ಎತ್ತಿ ಪಟ್ಟನೆ ಮುಚ್ಚಬೇಕು. 'ಗುರ್' ಎನ್ನುವಷ್ಟು ಹೊರಗೆ ಬರುತ್ತಿತ್ತು, ಉಳಿದದ್ದು ನಾಳೆಗೆ. ಈ ತುದಿಯಲ್ಲಿ ಅತ್ತಿಗೆ ಪೈಲ್ವಾನನ ಪಕ್ಕ ಕೂತು ಬೆಣ್ಣೆ ಸವರಿದ ರೊಟ್ಟಿಯ ಚೂರು ಬಾಯಿಗಿಡುತ್ತಿದ್ದಳು. ನನ್ನ ಕೈ ನೋಡುತ್ತಿರಲಿಲ್ಲ, ನಾಯಿಯ ಮುಖವನ್ನೇ ನೋಡುತ್ತಿದ್ದಳು. ಅವನು ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ, ಕಣ್ಣಿನ ಬಿಳಿ ಕಂಡರೆ ಅಂಗೈ ಎತ್ತುತ್ತಿದ್ದಳು. ಆವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಅಣ್ಣನ ಹಳೆಯ ಖಾಕಿ ಅಂಗಿ ಕತ್ತರಿಸಿ ಪೈಲ್ವಾನನಿಗೆ ಎದೆ ಬಿಗಿಯುವ ಕವಚ ಹೊಲಿದಳು. ಅದನ್ನು ತೊಟ್ಟು ಅವನು ಜಗಲಿಗೆ ಬಂದಾಗ ದಾರಿಹೋಕರು ನಿಂತು ನಮಸ್ಕಾರ ಮಾಡಿದರು. "ಮಗನ ಅಂಗಿ ನಾಯಿ ಮೈಮೇಲೆ, ನಾಯಿ ರೊಟ್ಟಿ ಮೇಲೆ ನನ್ನ ಬೆಣ್ಣೆ" ಎಂದು ಅವ್ವ ಗೊಣಗಿದಳು. ಆದರೂ ಬೆಣ್ಣೆಯ ಗಡಿಗೆಯನ್ನು ನೆಲುವಿನಿಂದ ಕೆಳಗಿಳಿಸಿ ಕೈಗೆ ಸಿಗುವಂತೆ ಇಟ್ಟವಳು ಅವಳೇ.

ಯುಗಾದಿ ಹೊತ್ತಿಗೆ ಪೈಲ್ವಾನ ಸಾಕಮ್ಮಜ್ಜಿಯ ಡಬ್ಬಿ ಕಂಡರೆ ಜೊಲ್ಲು ಸುರಿಸುತ್ತಿದ್ದ. ಚೊಂಬು ದಾಟಿ ತಂಬಿಗೆಗೆ ಬಂದೆವು, ತಂಬಿಗೆ ದಾಟಿ ಡಬರಿಗೆ. ನನಗೆ ಆತುರ ಶುರುವಾದದ್ದೇ ಆಗ. ಪಶ್ಚಿಮದಲ್ಲಿ ಮೋಡ ಕಾಣಿಸಿಕೊಳ್ಳತೊಡಗಿತ್ತು. ಹೀಗೆ ದಿನಕ್ಕೆ ಉಗುರಿನಷ್ಟು ಲೆಕ್ಕದಲ್ಲಿ ಹೋದರೆ ಮುಂಗಾರು ನಮಗಾಗಿ ಕಾಯುತ್ತದೆಯೇ ಎಂದು ಯೋಚನೆ. ಗುಜರಿಯವನೊಬ್ಬ ತಂದ ಹಳೆಯ ತಾಮ್ರದ ಹಂಡೆಯನ್ನು ಮನೆಗೆ ಹೊತ್ತು ತಂದೆ. ಅತ್ತಿಗೆ ಒಳಗೆ ಮಗುವಿಗೆ ಹಾಲು ಕೊಡುತ್ತಿದ್ದಳು. ಆಕೆ ಅಂಗೈ ಇಟ್ಟು ನೋಡಲಿ ಎಂದು ಕಾಯಲಿಲ್ಲ. ನಾನೇನು, ಪಾತ್ರೆ ಅಂಗಡಿಯವನಲ್ಲವೇ? ಕಿವಿ ಹಚ್ಚಿದೆ, ಏನೋ ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ಮುಚ್ಚಳದ ಅಂಚು ಎತ್ತಿದೆ.

ಮುಚ್ಚಳ ನನ್ನ ಕೈ ಬಿಟ್ಟು ತೊಲೆಗೆ ಹೋಗಿ ಬಡಿಯಿತು. ಎಂಥ ಗುಡುಗು! ಗುಡುಗಿ, ಮಗ್ಗುಲು ಬದಲಿಸಿ, ಮತ್ತೆ ಗುಡುಗಿತು. ಪೈಲ್ವಾನ ಕಿಟಕಿಯ ಸೊಳ್ಳೆ ಪರದೆ ಹರಿದುಕೊಂಡು ಹೊರಗೆ ಹಾರಿ ಕಣ್ಣಿಗೆ ಕಾಣದಾದ.

ಸದ್ದಿಗೆ ನೆಲ ನಡುಗಿದ್ದು ಅತ್ತಿಗೆಯ ಪಾದಕ್ಕೆ ಗೊತ್ತಾಗಿತ್ತು. ಹೊರಗೆ ಬಂದಳು, ಹಂಡೆ ನೋಡಿದಳು, ಕಿಟಕಿ ನೋಡಿದಳು, ನನ್ನನ್ನು ನೋಡಿದಳು. ಮಗುವನ್ನು ಅವ್ವನ ಕೈಗಿಟ್ಟು ಬರಿಗಾಲಲ್ಲಿ ಓಡಿದಳು.

ಹೊಸ ರಸ್ತೆಗೆಂದು ತಂದು ಹಾಕಿದ್ದ ಸಿಮೆಂಟ್ ಪೈಪುಗಳಲ್ಲಿ ಒಂದರೊಳಗೆ ಪೈಲ್ವಾನ ಸಿಕ್ಕಿದ. ನಾನು ಹಗ್ಗ ಹಿಡಿದು ಹೋಗುವಷ್ಟರಲ್ಲಿ ಅತ್ತಿಗೆ ಪೈಪಿನೊಳಗೆ ತೆವಳಿಕೊಂಡು ಹೋಗಿ ಅವನ ಪಕ್ಕದಲ್ಲಿ ಕೂತಾಗಿತ್ತು. ಕರೆಯಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಕೂತಿದ್ದಳು. ಬಿಸಿಲು ಇಳಿಯಿತು. ಹಸಿದ ಮಗುವನ್ನು ಎತ್ತಿಕೊಂಡು ಅವ್ವ ಬಂದಳು. "ನಾಯಿ ಜೊತೆ ಇವಳೂ ಅಲ್ಲೇ ಸಂಸಾರ ಹೂಡ್ತಾಳೇನು?" ಎಂದು ಗದರಿ, ಬಗ್ಗಿ ಪೈಪಿನೊಳಗೆ ನೋಡಿದಳು. ಅಲ್ಲೇನು ಕಂಡಳೋ, ಮಗುವನ್ನು ಒಳಗೆ ದಾಟಿಸಿ, ತನ್ನ ಸೆರಗು ಬಿಡಿಸಿ ಪೈಪಿನ ಬಾಯಿಗೆ ಪರದೆಯಂತೆ ಹಿಡಿದು ನಿಂತಳು. ಒಳಗೆ ಮಗು ಹಾಲು ಕುಡಿಯಿತು. ರಸ್ತೆಯಲ್ಲಿ ಹೋಗುವವರು "ಏನಮ್ಮ ಇಲ್ಲಿ?" ಎಂದರೆ ಅವ್ವ, "ನಿಮ್ಮ ಕೆಲಸ ನೋಡ್ಕಂಡು ಹೋಗ್ರಿ" ಎನ್ನುತ್ತಿದ್ದಳು. ಹಸು ಕರುಗಳು ಮನೆಗೆ ತಿರುಗುವ ಹೊತ್ತಿಗೆ ಮೊದಲು ಮಗು, ಹಿಂದೆ ಅತ್ತಿಗೆ, ಅವಳ ಹಿಂದೆ ತಲೆ ಬಗ್ಗಿಸಿಕೊಂಡ ಪೈಲ್ವಾನ ಹೊರಗೆ ಬಂದರು.

ನಮ್ಮ ಅತ್ತಿಗೆಯ ಜೊತೆ ಜಗಳ ಕಷ್ಟ. ಬೇರೆಯವರು ಮಾತು ಬಿಟ್ಟರೆ ನಾವಾದರೂ ಮಾತಾಡಬಹುದು. ಆಕೆ ಮುಖ ತಿರುಗಿಸಿದರೆ ನಮ್ಮ ಮಾತೂ ಮುಗಿಯಿತು. ಅನ್ನ ಬಡಿಸುವಾಗಲೂ ಗೋಡೆ ನೋಡಿಕೊಂಡು ಬಡಿಸಿದಳು. ಎದುರಿಗೆ ಹೋಗಿ ನಿಂತರೆ ಕಣ್ಣು ಮುಚ್ಚಿಕೊಂಡಳು! ಕೊನೆಗೆ ಒಂದು ದಿನ ನಾನು ಅಂಗಡಿಯಲ್ಲಿದ್ದ ಅತಿ ಸಣ್ಣ ಗುಡುಗು, ದೇವರ ತೀರ್ಥದ ಗಿಂಡಿಯಲ್ಲಿ ಹನಿಯಷ್ಟೇ ಆಗಿ ಕೂತಿದ್ದದ್ದು, ಅದನ್ನು ತಂದೆ. ಮುಚ್ಚಳ ಮುಟ್ಟಲಿಲ್ಲ. ಎರಡೂ ಕೈಯಲ್ಲಿ ಆಕೆಯ ಮುಂದೆ ಹಿಡಿದು ಕೂತೆ. ತುಂಬ ಹೊತ್ತಾದ ಮೇಲೆ ಆಕೆಯ ಅಂಗೈ ಬಂದು ಗಿಂಡಿಯ ಹೊಟ್ಟೆಯ ಮೇಲೆ ಕೂತಿತು. ಕಿರುಬೆರಳು ತೋರಿಸಿದಳು. ಆಮೇಲೆ ಅದೇ ಬೆರಳಿನಿಂದ ನನ್ನ ಹಣೆಗೆ ಟಕಟಕ ಬಡಿದಳು, ಪಾತ್ರೆ ಖಾಲಿಯೋ ಎಂದು ನೋಡುವಂತೆ.

ಮತ್ತೆ ಮೊದಲಿನಿಂದ ಶುರು. ಪೈಲ್ವಾನನಿಗೆ ಈಗ ನನ್ನ ಕೈಯಲ್ಲಿ ಖಾಲಿ ಲೋಟ ಕಂಡರೂ ಬಾಲ ಕಾಲ ಸಂದಿಗೆ. ಅವನು ನನ್ನ ಕೈಯಿಂದ ಒಂದು ಚೂರು ರೊಟ್ಟಿ ತಿನ್ನುವಂತಾಗಲು ಅದೆಷ್ಟು ದಿನ ನೆಲದ ಮೇಲೆ ಮಲಗಿದೆನೋ. ಗಿಂಡಿಯಾಯಿತು, ಭರಣಿಯಾಯಿತು. ಬಲು ಕಷ್ಟಪಟ್ಟು ತಂಬಿಗೆಯವರೆಗೆ ಬಂದೆವು. ಡಬರಿಯನ್ನು ಇನ್ನೂ ಮುಟ್ಟಿರಲಿಲ್ಲ.

ಆಗ ಮುಂಗಾರು ಬಂತು. ಮಟಮಟ ಮಧ್ಯಾಹ್ನ ಕತ್ತಲಾಯಿತು, ಬಸ್ ಸ್ಟ್ಯಾಂಡಿನ ಧೂಳೆಲ್ಲ ಎದ್ದು ನನ್ನ ಅಂಗಡಿಗೆ ನುಗ್ಗಿತು. ನಾನು ಪಾತ್ರೆಗಳನ್ನೆಲ್ಲ ಬೋರಲು ಹಾಕಿ, ಅರ್ಧ ಶಟರ್ ಎಳೆದು, ಪಕ್ಕದವನಿಗೆ ನೋಡಿಕೋ ಎಂದು ಹೇಳಿ ಮನೆಗೆ ಓಡಿದೆ. ದಾರಿಯಲ್ಲೇ ಮೊದಲ ಗುಡುಗು ಬಿತ್ತು. ಇದು ಡಬ್ಬಿಯದಲ್ಲ, ಡ್ರಮ್ಮಿನದಲ್ಲ, ಇಡೀ ಆಕಾಶದ್ದು.

ಒಳಗೆ ಕಾಲಿಟ್ಟಾಗ ಮಗು ತೊಟ್ಟಿಲಲ್ಲಿ ಕಿರುಚಿ ಅಳುತ್ತಿತ್ತು. ಅವ್ವ ಪಕ್ಕದ ಮಂಚದ ಅಂಚಿನಲ್ಲಿ ಕೂತಿದ್ದಳು. ಎದ್ದರೆ ಎರಡು ಹೆಜ್ಜೆಗೆ ತೊಟ್ಟಿಲು. ಏಳುತ್ತಿಲ್ಲ.

"ಅವ್ವ, ಎತ್ಕೋ!"

"ಸುಮ್ನಿರೋ" ಎಂದಳು. ಎರಡೂ ಕೈಯಲ್ಲಿ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದಳು, ಬೆರಳ ಗಂಟುಗಳು ಬೆಳ್ಳಗಾಗಿದ್ದವು. "ನೀನೂ ಮುಟ್ಟಬ್ಯಾಡ. ತಡಿ."

ಅವಳು ನೋಡುತ್ತಿದ್ದದ್ದು ಕೆಳಗೆ. ಮಂಚದ ಕೆಳಗಿನಿಂದ ಖಾಕಿ ಬಟ್ಟೆ ತೊಟ್ಟ ಒಂದು ಭುಜ ಕಾಣುತ್ತಿತ್ತು, ಅದು ನಡುಗುತ್ತಿತ್ತು. ಅತ್ತಿಗೆ ಹಿತ್ತಲಿನ ಕೊಟ್ಟಿಗೆಯಲ್ಲಿ ಸೌದೆ ಒಳಗೆ ಹಾಕುತ್ತಿದ್ದಳು, ಮಳೆಯ ಸದ್ದೂ ಅವಳಿಗಿಲ್ಲ, ಮಗಳ ಅಳುವೂ ಇಲ್ಲ. ಇನ್ನೊಂದು ಗುಡುಗು. ಭುಜ ಒಳಗೆ ಸರಿಯಿತು. ಆಯಿತು, ಕ್ವಾರಿ, ಎಂದುಕೊಂಡೆ.

ಮಗು ಉಸಿರು ಕಟ್ಟಿ, ಒಂದು ಕ್ಷಣ ನಿಲ್ಲಿಸಿ, ಮತ್ತೆ ಅತ್ತಿತು.

ಮಂಚದ ಕೆಳಗಿನಿಂದ ಮೊದಲು ಮೂಗು ಬಂತು. ಆಮೇಲೆ ಆ ಕೊಳಗದಂಥ ತಲೆ. ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು, ಕಿವಿ ಹಿಂದಕ್ಕೆ ಅಂಟಿಸಿಕೊಂಡು, ಪೈಲ್ವಾನ ಹೊರಗೆ ತೆವಳಿದ. ಪಡಸಾಲೆಯ ನಡುವೆ ಬಂದಾಗ ಮಿಂಚಿ, ಮನೆ ಅದುರಿತು. ಅವನು ನೆಲಕ್ಕೆ ಚಪ್ಪಟೆಯಾದ, ಅವನ ಕೆಳಗೆ ನೆಲ ಒದ್ದೆಯಾಯಿತು. ತಿರುಗಿ ಮಂಚದ ಕಡೆ ನೋಡಿದ. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದೆ, ಏನಾದರೂ ಅಂದುಬಿಟ್ಟೇನು ಎಂದು. ಅವನು ಮಂಚ ಬಿಟ್ಟು ತೊಟ್ಟಿಲು ನೋಡಿದ. ಎದ್ದ. ನಡುಗುವ ಕಾಲಲ್ಲೇ ಅಡಿಗೆಮನೆ ದಾಟಿ, ಹಿತ್ತಲ ಬಾಗಿಲು ದಾಟಿ, ಆ ಗುಡುಗು ಇರುವ ಬಯಲಿಗೇ, ಸುರಿಯುವ ಮಳೆಗೆ ಇಳಿದ.

ಅವ್ವ ಹಿತ್ತಲ ಬಾಗಿಲ ಕಡೆ ಕತ್ತು ಚಾಚಿದಳು.

ಅತ್ತಿಗೆ ಬಂದಳು. ತಲೆಯಿಂದ ನೀರು ಸುರಿಯುತ್ತಿತ್ತು, ಸೆರಗಿನ ತುದಿ ಪೈಲ್ವಾನನ ಬಾಯಲ್ಲಿತ್ತು. ತೊಟ್ಟಿಲು ಸಿಗುವವರೆಗೆ ಅವನು ಅದನ್ನು ಬಿಡಲಿಲ್ಲ. ಅತ್ತಿಗೆ ಮಗುವನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ನಾವಿಬ್ಬರೂ ಮಗುವನ್ನು ಎತ್ತದೆ ಇದ್ದದ್ದನ್ನು ನೋಡಿ ಸಿಟ್ಟಿನಿಂದ ಕೈಯೆತ್ತಿದವಳು, ಒದ್ದೆ ನೆಲ ನೋಡಿದಳು, ಅವ್ವನ ಬೆರಳು ನೋಡಿದಳು. ಕೈ ಇಳಿಸಿದಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಆಗಲೇ ಎಲ್ಲಕ್ಕಿಂತ ದೊಡ್ಡದೊಂದು ಬಿತ್ತು. ಪೈಲ್ವಾನನ ಕೆಲಸ ಮುಗಿದಿತ್ತಲ್ಲ, ಇನ್ನು ಹೆದರಲು ಅಡ್ಡಿಯಿರಲಿಲ್ಲ. ಹತ್ತಿರ ಸಿಕ್ಕ ಮರೆಗೆ ನುಗ್ಗಿದ. ಆ ಮರೆ ಅವ್ವನ ಸೀರೆಯ ನಿರಿಗೆ. ಒದ್ದೆ ತಲೆಯನ್ನು ಅದರೊಳಗೆ ತೂರಿಸಿ, ಅಷ್ಟೂ ಮೈಭಾರವನ್ನು ಅವಳ ಕಾಲಿಗೆ ಒರಗಿಸಿ ನಿಂತುಬಿಟ್ಟ.

"ಥೂ, ಏಳೋ. ಮೈಯೆಲ್ಲ ನೀರು. ಏಯ್!" ಎಂದಳು ಅವ್ವ. ಆದರೆ ಕಾಲು ತೆಗೆಯಲಿಲ್ಲ. ಗುಡುಗಿದಾಗೆಲ್ಲ ಅವನು ಇನ್ನಷ್ಟು ಒತ್ತಿದ, ಅವಳು ಮಂಚದ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತಳು. ನಾನು ಟೀ ಮಾಡಿ ತಂದುಕೊಟ್ಟೆ. ಕುಡಿಯಲು ಮುಂದಕ್ಕೆ ಬಾಗಿದರೆ ನಾಯಿ ಅಲುಗುತ್ತದೆಂದು ಲೋಟವನ್ನು ಕೈಯಲ್ಲೇ ಹಿಡಿದು ಕೂತಳು. ಟೀ ಆರಿ ಕೆನೆಗಟ್ಟಿತು.

ಮಳೆ ಸೂರಿನ ಹನಿಗೆ ಇಳಿದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಅವ್ವ, ಮಂಚದ ಕೆಳಗೆ ಸೇರ್ಕಂಡ್ರೆ ಕ್ವಾರಿಗೆ ಅಂದಿದ್ದೆಯಲ್ಲ. ಸೇರ್ಕಂಡಿದ್ದ."

"ಸೇರ್ಕಂಡಿದ್ದು ನಾನು ನೋಡ್ಲಿಲ್ಲ" ಎಂದಳು ಅವ್ವ. "ಹೊರಗೆ ಬಂದಿದ್ದು ನೋಡ್ದೆ. ಆ ಪರಸಪ್ಪನಿಗೆ ಬೇರೆ ನಾಯಿ ನೋಡ್ಕಳಾಕೆ ಹೇಳು."

ಏಳಲು ಹೋದಳು, ಆಗಲಿಲ್ಲ. ಎರಡೂ ಕಾಲು ಜೋಮು ಹಿಡಿದಿದ್ದವು. ನಾನು ಕೈ ಚಾಚಿದೆ, ಅತ್ತಿಗೆಯೂ ಒಂದು ಕೈ ಚಾಚಿದಳು. ಅವ್ವ ಇಬ್ಬರ ಕೈಯನ್ನೂ ಬಿಟ್ಟು, ಪೈಲ್ವಾನನ ಬೆನ್ನಿನ ಮೇಲೆ ಅಂಗೈ ಊರಿ ಎದ್ದು ನಿಂತಳು. ಅವನು ಅವಳ ಭಾರಕ್ಕೆ ಒಂದಿಷ್ಟೂ ಬಾಗಲಿಲ್ಲ.